ಜಪಾನಿಗೆ ಹೋಗಿಬಂದ ಅತ್ತೆಯ ಡಬ್ಬಿ

ಮಧುಗಿರಿ

ನಾನು ಜಪಾನಿಗೆ ಹೋಗಿಬಂದೆ ಎಂದು ಗೊತ್ತಾದರೆ ನಮ್ಮ ಬೀದಿಯವರು ಮೊದಲು ಕೇಳುವುದು ಬುಲೆಟ್ ರೈಲಿನ ಬಗ್ಗೆ. ಆ ರೈಲು ಹತ್ತಿದಾಗಿನಿಂದ ಇಳಿಯುವ ತನಕ ನಾನು ಗೊರಕೆ ಹೊಡೆಯುತ್ತಿದ್ದೆನಂತೆ. ಹಾಗಾಗಿ ಅದರ ವಿಷಯ ನನಗೂ ನಿಮ್ಮಷ್ಟೇ ಗೊತ್ತು. ನನ್ನ ಪ್ರವಾಸವೆಲ್ಲ ನಡೆದದ್ದು ಒಂದು ಸ್ಟೀಲ್ ಡಬ್ಬಿಯ ಹಿಂದೆ ಮುಂದೆ. ಅದರ ಕಥೆಯನ್ನೇ ಹೇಳುತ್ತೇನೆ.

ನನ್ನ ಮಗಳು ರಮ್ಯ ತುಮಕೂರಿನಲ್ಲಿ ನರ್ಸಿಂಗ್ ಓದಿದವಳು. ಜಪಾನಿನ ಒಂದು ವೃದ್ಧಾಶ್ರಮದಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಅಲ್ಲಿಯೇ ಮುದುಕರಿಗೆ ಕೈಕಾಲು ಆಡಿಸಲು ಹೇಳಿಕೊಡುವ ಕೆಂಜಿ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದು ಒಂದು ದಿನ ಫೋನಿನಲ್ಲಿ ಹೇಳಿಬಿಟ್ಟಳು. ನಾನು ಎರಡು ದಿನ ಊಟ ಬಿಟ್ಟೆ. ಮೂರನೆಯ ದಿನ ಆ ಹುಡುಗ ಕನ್ನಡದಲ್ಲಿ "ಅತ್ತೆ, ಊಟ ಆಯ್ತಾ?" ಎಂದು ಕೇಳಿದ. ಅಲ್ಲಿಗೆ ನನ್ನ ಕೋಪವೂ ಮುಗಿಯಿತು, ಉಪವಾಸವೂ ಮುಗಿಯಿತು. ನಮ್ಮ ಯಜಮಾನರು ಹುಣಸೆಹಣ್ಣಿನ ವ್ಯಾಪಾರಿ. ಹಣ್ಣಿನ ಕಾಲದಲ್ಲಿ ಅವರು ಯಾವುದಕ್ಕೂ ಬೇಡ ಎನ್ನುವುದಿಲ್ಲ, ಯಾಕೆಂದರೆ ನಾವು ಹೇಳಿದ್ದು ಅವರ ಕಿವಿಗೇ ಬಿದ್ದಿರುವುದಿಲ್ಲ.

ಉಳಿದವರು ನಮ್ಮತ್ತೆ ಸಿದ್ದಗಂಗಮ್ಮ. ನಮ್ಮ ಮನೆಯಲ್ಲಿ ಅವರು ಹೂಂ ಅನ್ನದೆ ಕರುವಿಗೂ ಹೆಸರಿಡುವುದಿಲ್ಲ. ಅವರು ಮದುವೆಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಆ ಮನೆ ಎಂಥದ್ದೆಂದು ತಿಳಿಯದೆ ಹೆಣ್ಣು ಕೊಡುವುದು ಹೇಗೆ ಎಂದಷ್ಟೇ ಹೇಳಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡರು. ರಮ್ಯಳಿಗೆ ಅಜ್ಜಿಯೆಂದರೆ ಪ್ರಾಣ. ಅಜ್ಜಿ ಒಪ್ಪದಿದ್ದರೆ ತಾನು ಮದುವೆಯಾಗುವುದಿಲ್ಲ ಎಂದು ಕೆಂಜಿಗೆ ಮೊದಲೇ ಹೇಳಿದ್ದಳು. ಪಾಪ, ಅವನು ಅಲ್ಲಿ ಕಾಯುತ್ತಿದ್ದ.

ಅಷ್ಟರಲ್ಲಿ ಕೆಂಜಿಯ ಅಜ್ಜಿ ಫುಮಿಗೆ ಎಂಬತ್ತೆಂಟು ತುಂಬುವ ಸಮಾರಂಭಕ್ಕೆ ಕರೆ ಬಂತು. ಕೆಲವು ವಯಸ್ಸುಗಳನ್ನು ಜಪಾನಿನವರು ಶಾಸ್ತ್ರೋಕ್ತವಾಗಿ ಆಚರಿಸುತ್ತಾರೆ. ನಮ್ಮಲ್ಲಿ ಅರವತ್ತಕ್ಕೆ ಷಷ್ಟಿಪೂರ್ತಿ ಮಾಡಿ ಗಂಡನಿಗೆ ಅದೇ ಹೆಂಡತಿಯನ್ನು ಮತ್ತೆ ಕಟ್ಟುತ್ತೇವೆ. ಅವರು ಅರವತ್ತಕ್ಕೆ ಕೆಂಪು ಟೋಪಿ, ಕೆಂಪು ಅಂಗಿ ತೊಡಿಸಿ ಮನುಷ್ಯನನ್ನು ಮತ್ತೆ ಮಗು ಮಾಡುತ್ತಾರಂತೆ. ನಿಮಗೆ ಎರಡರಲ್ಲಿ ಯಾವುದಾಗಬಹುದು ಎಂದು ಯಜಮಾನರನ್ನು ಕೇಳಿದೆ. ಈ ಮಾತು ಮಾತ್ರ ಅವರಿಗೆ ಕೇಳಿಸಿತು. ಟೋಪಿಯೇ ವಾಸಿ ಎಂದರು.

ಎಂಬತ್ತೆಂಟನ್ನು ಬರೆಯುವ ಅಕ್ಷರಗಳನ್ನು ಕೂಡಿಸಿದರೆ ಅಕ್ಕಿ ಎಂಬ ಅಕ್ಷರವಾಗುತ್ತದೆ, ಹಾಗಾಗಿ ಅವರಲ್ಲಿ ಅದು ಅಕ್ಕಿಯ ವಯಸ್ಸು ಎಂದು ರಮ್ಯ ಹೇಳಿದ್ದರಿಂದ ನಾನು ಅಕ್ಕಿ ತಂಬಿಟ್ಟು ಮಾಡಿದೆ. ಪ್ಲಾಸ್ಟಿಕ್ ಡಬ್ಬಿಗೆ ತುಂಬುತ್ತಿದ್ದಾಗ ಅತ್ತೆ ಎದ್ದುಹೋಗಿ ತಮ್ಮ ಡಬ್ಬಿ ತಂದು ಮುಂದಿಟ್ಟರು. ಮುಚ್ಚಳದ ಮೇಲೆ "ಸಿದ್ದಗಂಗಮ್ಮ, ತೋವಿನಕೆರೆ" ಎಂದು ಕೊರೆಸಿದ ಹಳೆಯ ಡಬ್ಬಿ. ಅವರ ತವರಿನವರು ಕೊಟ್ಟದ್ದು.

ಈ ಡಬ್ಬಿಗೆ ಒಂದು ಚರಿತ್ರೆಯಿದೆ. ಯಾರ ಮನೆಯ ಪಾತ್ರೆಯನ್ನೂ ಬರಿದಾಗಿ ಹಿಂದಕ್ಕೆ ಕಳಿಸಬಾರದು, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ನಮ್ಮತ್ತೆಗೆ ಅದು ಪದ್ಧತಿಯಲ್ಲ, ಕಾನೂನು. ನನ್ನ ನಾದಿನಿಗೆ ಕೊರಟಗೆರೆ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಇಂಜಿನಿಯರು, ಎರಡು ಮಹಡಿಯ ಮನೆ. ನಮ್ಮತ್ತೆ ಚಕ್ಕುಲಿ ತುಂಬಿ ಕಳಿಸಿದ ಈ ಡಬ್ಬಿಯನ್ನು ಅವರು ತೊಳೆದು, ಒರೆಸಿ, ಫಳಫಳ ಹೊಳೆಸಿ ಬರಿದಾಗಿ ಕಳಿಸಿದರು. ಅತ್ತೆ ಮಾರನೆಯ ದಿನವೇ ಹುಡುಗನ ಜಾತಕವನ್ನು ವಾಪಸ್ಸು ಕಳಿಸಿದರು.

"ಅತ್ತೆ, ಅಷ್ಟು ದೂರಕ್ಕೆ ನಿಮ್ಮ ಡಬ್ಬಿ ಬ್ಯಾಡ ಬುಡಿ" ಎಂದೆ.

"ಇದನ್ನೇ ತಗಂಡೋಗು" ಎಂದರು ಅತ್ತೆ. "ಆದ್ರೆ ಮರೀದಂಗೆ ತಗಂಬಾ ಕಣೆ. ಡಬ್ಬಿ ಬರ್ಲಿ, ಆಮ್ಯಾಕೆ ಮದ್ವೆ ಮಾತು."

ರೈಲಿಳಿದ ಊರು

ರಮ್ಯಳ ಊರು ಬೆಟ್ಟಗಳ ನಡುವೆ ಇದೆ. ಬೆಟ್ಟಗಳ ಮೇಲೆ ಹಿಮ. ಕೆಂಜಿ ಸ್ಟೇಷನ್ನಿಗೆ ಬಂದಿದ್ದ. ಬೆಟ್ಟ ತೋರಿಸಿ ಹೇಗಿದೆ ಎಂದು ಕೇಳಿದ. ಚೆನ್ನಾಗಿದೆ, ಆದರೆ ನಮ್ಮ ಮಧುಗಿರಿಯ ಬೆಟ್ಟ ಇಡೀ ಒಂದೇ ಬಂಡೆ ಎಂದೆ. ಹುಡುಗ ಬಗ್ಗಿ ನಮಸ್ಕಾರ ಮಾಡಿದ. ಬೆಟ್ಟದ ವಿಷಯದಲ್ಲಿ ಸೋಲೊಪ್ಪಿಕೊಂಡ ಹಾಗಿತ್ತು. ನನಗೆ ಇನ್ನಷ್ಟು ಇಷ್ಟವಾದ.

ಸಮಾರಂಭಕ್ಕೆ ಮುಂಚಿನ ದಿನವೆಲ್ಲ ರಮ್ಯ ನನಗೆ ಪಾಠ ಮಾಡಿದಳು. ಉಡುಗೊರೆಯನ್ನು ಬಟ್ಟೆಯಲ್ಲಿ ಸುತ್ತಿ ಒಯ್ಯಬೇಕು. ಬಟ್ಟೆ ಬಿಚ್ಚಿ ಎರಡೂ ಕೈಯಲ್ಲಿ ಕೊಡಬೇಕು. ಕೊಡುವಾಗ "ಇದೇನೂ ಅಂಥದ್ದಲ್ಲ" ಎನ್ನಬೇಕು. ನನಗೆ ಸಿಟ್ಟು ಬಂತು. ಅಕ್ಕಿ ಹುರಿದು, ಬೀಸಿಸಿ, ವೈ.ಎನ್.ಹೊಸಕೋಟೆಯಿಂದ ಕಡಲೆಕಾಯಿ ತರಿಸಿ, ಕೊಬ್ಬರಿ ತುರಿದು, ಕೈ ಸುಟ್ಟುಕೊಂಡು ಬೆಲ್ಲದ ಪಾಕ ಹಿಡಿದದ್ದು ಹೇಗೆ ಅಂಥದ್ದಲ್ಲದೆ ಹೋಗುತ್ತದೆ?

"ಅಮ್ಮ, ಅದು ಮರ್ಯಾದೆ ಮಾತು. ಸುಮ್ನೆ ಅನ್ನು" ಎಂದಳು.

ಆಗಲಿ ಎಂದೆ. ಡಬ್ಬಿ ಯಾವಾಗ ವಾಪಸ್ಸು ಕೊಡುತ್ತಾರೆ ಎಂದು ಕೇಳಿದೆ. ರಮ್ಯ ನನ್ನ ಮುಖ ನೋಡಿದಳು. ಜಪಾನಿನಲ್ಲಿ ಕೊಟ್ಟ ಉಡುಗೊರೆಯ ಡಬ್ಬಿಯನ್ನು ಯಾರೂ ಹಿಂದಕ್ಕೆ ಕೇಳುವುದಿಲ್ಲವಂತೆ. ಡಬ್ಬಿಯೂ ಉಡುಗೊರೆಯೇ ಅಂತೆ. ಅಜ್ಜಿಯ ಡಬ್ಬಿ ಎಂದು ನಾನು ಹೇಳಿದ ಮೇಲೆ ಅವಳಿಗೂ ಕೈಕಾಲು ಆಡಲಿಲ್ಲ. ಕೊರಟಗೆರೆ ಇಂಜಿನಿಯರಿನ ಕಥೆ ಅವಳಿಗೂ ಗೊತ್ತು. ಬೇರೆ ಡಬ್ಬಿ ಕೊಳ್ಳೋಣವೆಂದರೆ ಅಂಗಡಿಗಳು ಮುಚ್ಚಿದ್ದವು. ಏನಾದರೂ ಮಾಡಿದರಾಯಿತು ಎಂದುಕೊಂಡು ಮಲಗಿದೆವು.

ಫುಮಿ ಅಜ್ಜಿಯ ಬಾಗಿಲು

ನಮ್ಮ ಕಡೆ ಚಪ್ಪಲಿಯ ಕಾನೂನು ಸುಲಭ. ಹೊರಗೆ ಬಿಡು, ಒಳಗೆ ಬಾ. ಅಲ್ಲಿ ಹೊರಗೆ ಬಿಟ್ಟು ಒಳಗೆ ಹೋದರೆ ಇನ್ನೊಂದು ಜೊತೆ ಚಪ್ಪಲಿ ಕೊಡುತ್ತಾರೆ. ಮನೆಯೊಳಗೆ ಚಪ್ಪಲಿ ಹಾಕಿ ನನಗೆ ಅಭ್ಯಾಸವಿಲ್ಲ ಎಂದೆ. ಕೆಂಜಿಯ ತಾಯಿ ನನ್ನ ಬರಿಗಾಲು ನೋಡಿ ಗಾಬರಿಯಾದರು. ಹಾಕಿಕೊಂಡು ನಾಲ್ಕು ಹೆಜ್ಜೆ ಹೋದರೆ ಚಾಪೆಯ ಕೋಣೆ. ಅಲ್ಲಿ ಅದನ್ನೂ ಬಿಚ್ಚಬೇಕು. ಬಚ್ಚಲಿಗೆ ಹೋದರೆ ಅಲ್ಲಿಗೇ ಬೇರೆ ಜೊತೆ.

ಬಾಗಿಲಲ್ಲೇ ಡಬ್ಬಿಗೆ ಸುತ್ತಿದ ಬಟ್ಟೆ ಬಿಚ್ಚಿ, ಎರಡೂ ಕೈಯಲ್ಲಿ ಅದನ್ನು ಹಿಡಿದು, ಇದೇನೂ ಅಂಥದ್ದಲ್ಲ ಎಂಬುದನ್ನು ಅವರ ಭಾಷೆಯಲ್ಲಿ ಹೇಳಿದೆ. ಮನಸ್ಸಿನಲ್ಲಿ ತಂಬಿಟ್ಟಿನ ಕ್ಷಮೆ ಕೇಳಿದೆ. ಕೆಂಜಿಯ ತಾಯಿ ಎರಡೂ ಕೈಯಲ್ಲಿ ಇಸಕೊಂಡು, ಬಗ್ಗಿ, ಹಾಗೆಯೇ ಒಳಗೆ ಒಯ್ದುಬಿಟ್ಟರು. ಬಿಚ್ಚಿ ನೋಡಲಿಲ್ಲ. ಕೊಟ್ಟವರ ಎದುರಿಗೆ ಬಿಚ್ಚುವುದು ಅಲ್ಲಿ ಆಸೆಬುರುಕತನ. ನಮ್ಮಲ್ಲಾದರೆ ಮುಚ್ಚಳ ತೆಗೆದು, ಮೂಸಿ, ಒಂದನ್ನು ಬಾಯಿಗೆ ಹಾಕಿಕೊಂಡು, ಬೆಲ್ಲ ಒಂಚೂರು ಮುಂದಾಯ್ತು ಎನ್ನುವ ತನಕ ಕೊಟ್ಟವರೂ ಎದುರಿಗೇ ಕೂತಿರುತ್ತೇವೆ. ಅಲ್ಲೇ ತಿಂಡಿಯನ್ನು ಬಗ್ಗಿಸಿಕೊಟ್ಟು ಡಬ್ಬಿಯನ್ನು ವಾಪಸ್ಸೂ ತರುತ್ತೇವೆ.

ಸುತ್ತಿದ್ದ ಬಟ್ಟೆ ಅಂದವಾಗಿ ಮಡಿಸಿಕೊಂಡು ನನ್ನ ಕೈಗೆ ವಾಪಸ್ಸು ಬಂತು. ಡಬ್ಬಿ ಬರಲಿಲ್ಲ.

ದೊಡ್ಡ ಕೋಣೆ

ಕೋಣೆಯಲ್ಲಿ ನೆಂಟರೆಲ್ಲ ನೆಲದ ಮೇಲೆ ಮಂಡಿಯೂರಿ ಕೂತಿದ್ದರು. ಮೂಲೆಯಲ್ಲಿ ಗೇಣೆತ್ತರದ ಒಂದು ಕಟ್ಟೆ, ನುಣ್ಣಗಿನ ಮರದ್ದು. ಹಿಂದೆ ಗೋಡೆಗೆ ಒಂದು ಚಿತ್ರ, ಪಕ್ಕದಲ್ಲಿ ಒಂದೇ ಒಂದು ಹೂವು. ಅತಿಥಿಗಳಿಗೆಂದೇ ಜಗಲಿ ಕಟ್ಟಿಸಿದ್ದಾರೆ ಎಂದು ನನಗೆ ಸಂತೋಷವಾಯಿತು. ಮಂಡಿನೋವಿನವಳು, ಹೋಗಿ ಅದರ ಮೇಲೆ ಕೂತು, ಪಕ್ಕದಲ್ಲಿ ವ್ಯಾನಿಟಿ ಬ್ಯಾಗ್ ಇಟ್ಟುಕೊಂಡು, ಎಲ್ಲರಿಗೂ ಕೈ ಮುಗಿದೆ.

ನೆಂಟರೆಲ್ಲ ನನ್ನತ್ತ ತಿರುಗಿದರು. ರಮ್ಯ ಸೆರಗಿಲ್ಲದ ಹುಡುಗಿ, ಕೈಯಲ್ಲೇ ಮುಖ ಮುಚ್ಚಿಕೊಂಡಳು. ಅದು ಆ ಮನೆಯ ಅತ್ಯಂತ ಗೌರವದ ಜಾಗ. ಅಲ್ಲಿ ಹೂವು ಮತ್ತು ಚಿತ್ರಕ್ಕಷ್ಟೇ ಪ್ರವೇಶ, ಮನುಷ್ಯರು ಅದರ ಮೇಲೆ ಕಾಲೂ ಇಡುವುದಿಲ್ಲ. ನಮ್ಮ ದೇವರಮನೆಯ ಪೀಠದ ಮೇಲೆ ಯಾರೋ ಬಂದು ಕೂತಂತೆ ಆಗಿತ್ತು. ಕೆಂಜಿ ಓಡಿಬಂದು ದಪ್ಪನೆಯ ದಿಂಬೊಂದನ್ನು ಕಟ್ಟೆಯ ಮುಂದೆ ಹಾಸಿ, ನೆಂಟರಲ್ಲಿ ದೊಡ್ಡವರು ಕೂರುವ ಜಾಗ ಇದು, ನಿಮಗೇ ಎಂದು ಇಟ್ಟಿದ್ದೇವೆ ಎಂದು ರಮ್ಯಳಿಂದ ಹೇಳಿಸಿದ. ಆ ದಿಂಬನ್ನೂ ಎರಡು ಸಲ ಬೇಡವೆಂದು ಮೂರನೆಯ ಸಲ ಕೂರುವುದು ಪದ್ಧತಿಯಂತೆ. ನಾನು ಮೊದಲ ಸಲಕ್ಕೇ ಕೂತೆ. ಆಗಲೇ ಕಟ್ಟೆ ಹತ್ತಿ ಇಳಿದವಳಿಗೆ ಇನ್ನೆಂಥ ನಾಚಿಕೆ.

ಆಗ ಫುಮಿ ಅಜ್ಜಿ ಬಂದರು. ಬಂಗಾರದ ಬಣ್ಣದ, ತೋಳಿಲ್ಲದ, ಹತ್ತಿ ತುಂಬಿದ ಅಂಗಿ. ತಲೆಗೆ ಅದೇ ಬಣ್ಣದ ಗುಂಡು ಟೋಪಿ. ನಮ್ಮಲ್ಲಿ ಸನ್ಮಾನಕ್ಕೆ ಶಾಲು, ಪೇಟ ಹಾಕಿ ಕೂರಿಸಿದವರ ಮುಖ ಹೇಗಿರುತ್ತದೋ ಅವರ ಮುಖವೂ ಹಾಗೆಯೇ ಇತ್ತು. ಯಾವಾಗ ಮುಗಿಯುತ್ತದಪ್ಪ ಇದು ಎನ್ನುವಂತೆ. ಒಬ್ಬೊಬ್ಬರೂ ಎರಡು ಮಾತು ಹೇಳಿ ಹಾರೈಸಿದರು. ನನ್ನ ಸರದಿ ಬಂದಾಗ ನೂರು ವರ್ಷ ಬಾಳಿ ಎಂದು ಕನ್ನಡದಲ್ಲೇ ಹೇಳಿದೆ. ಅಜ್ಜಿ ಟೋಪಿ ಸರಿಮಾಡಿಕೊಂಡು ಏನೋ ಕೇಳಿದರು. ಎಲ್ಲರೂ ನಕ್ಕರು.

"ಹಾಗಾದ್ರೆ ಇನ್ನು ಹನ್ನೆರಡೇ ವರ್ಷವಾ ಅಂತಿದಾರೆ" ಎಂದಳು ರಮ್ಯ.

ಈ ಮುದುಕಿಗೂ ನಮ್ಮತ್ತೆಗೂ ಭೇಟಿ ಮಾಡಿಸಿದರೆ ಯಾರು ಗೆಲ್ಲುತ್ತಾರೋ ಎಂದು ನನಗೆ ಅಲ್ಲಿಯೇ ಯೋಚನೆ ಬಂತು.

ಆಮೇಲೆ ಒಂದು ತಟ್ಟೆಯಲ್ಲಿ ಕಪ್ಪು ಮಸಿ ಬಂತು. ಅಜ್ಜಿ ಅಂಗೈಗೆ ಮಸಿ ಬಳಿದುಕೊಂಡು ಬಿಳಿಯ ಕಾಗದಗಳ ಮೇಲೆ ಒತ್ತತೊಡಗಿದರು. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸುವುದನ್ನು ನೋಡಿದವಳು ನಾನು. ಹುಟ್ಟಿದ ಹಬ್ಬದ ದಿನವೇ ಆಸ್ತಿ ಬರೆಸಿಕೊಳ್ಳುತ್ತಿದ್ದಾರಲ್ಲ, ಎಂಥ ಮನೆಗೆ ಮಗಳನ್ನು ಕೊಡುತ್ತಿದ್ದೇನೆ ಎಂದು ಕೆಂಜಿಯ ತಂದೆಯನ್ನು ದುರುಗುಟ್ಟಿ ನೋಡಿದೆ. ಆ ಮನುಷ್ಯ ತಮ್ಮ ಪಾಡಿಗೆ ತಾವು ಮಸಿಯ ಕಾಗದಗಳನ್ನು ಒಣಗಿಸುತ್ತಿದ್ದರು. ಆಮೇಲೆ ರಮ್ಯ ಹೇಳಿದಳು. ಆ ವಯಸ್ಸು ಮುಟ್ಟಿದವರ ಅಂಗೈ ಗುರುತನ್ನು ಬೇಕಾದವರ ಮನೆಗೆ ಕೊಡುತ್ತಾರೆ, ಬಾಗಿಲ ಮೇಲೆ ಅಂಟಿಸಿದರೆ ಆ ಮನೆಗೆ ಒಳ್ಳೆಯದಾಗುತ್ತದೆ ಎಂದು ನಂಬುತ್ತಾರೆ. ನಾನು ಕೆಂಜಿಯ ತಂದೆಯನ್ನು ನೋಡಿ ನಕ್ಕೆ. ಅವರು ಪಾಪ, ಮೊದಲಿಗಿಂತ ಹೆಚ್ಚು ಹೆದರಿದರು.

ಅಡುಗೆಮನೆ

ಊಟದ ಬಟ್ಟಲು ಇಡಲು ನಮ್ಮೆಲ್ಲರ ಮುಂದೆ ಒಂದೊಂದು ಪುಟ್ಟ ಮಣೆ. ಉಳಿದವರ ಮುಂದೆ ತಲೆ ಬಾಲ ಸಮೇತ ಒಂದು ಮೀನು, ಶುಭಕ್ಕೆ. ವಿಭೂತಿ ಹಚ್ಚುವ ಮನೆಯವಳೆಂದು ನನಗೆ ಬೇರೆ ಮಾಡಿದ್ದರು. ಕೆಂಪು ಕಾಳು ಹಾಕಿದ ಅನ್ನ ನಮ್ಮ ಅಲಸಂದೆ ಅನ್ನದ ತಂಗಿಯಂತಿತ್ತು, ಎರಡು ಸಲ ಹಾಕಿಸಿಕೊಂಡೆ. ತೊಂದರೆಯಾದದ್ದು ಹಣ್ಣಿನ ರಸದಿಂದ. ಅಲ್ಲಿ ತನ್ನ ಲೋಟಕ್ಕೆ ತಾನೇ ಬಗ್ಗಿಸಿಕೊಳ್ಳಬಾರದು. ಪಕ್ಕದವರು ಕಾದಿದ್ದು ತುಂಬುತ್ತಾರೆ. ಸಾಕೆಂದರೆ ಲೋಟದಲ್ಲಿ ಸ್ವಲ್ಪ ಬಿಡಬೇಕು. ನಮ್ಮಲ್ಲಿ ಲೋಟದಲ್ಲಿ ಬಿಟ್ಟರೆ ಮನೆಯವರಿಗೆ ಅವಮಾನ. ನಾನು ಮರ್ಯಾದೆಗೆಂದು ಕುಡಿದು ಮುಗಿಸುವುದು, ಪಕ್ಕದ ಹೆಂಗಸು ಮರ್ಯಾದೆಗೆಂದು ತುಂಬುವುದು. ಇಬ್ಬರ ಮರ್ಯಾದೆಯ ನಡುವೆ ನನ್ನ ಹೊಟ್ಟೆ ಕೊಡವಾಯಿತು. ಮತ್ತೆ ಮತ್ತೆ ಎದ್ದು ಬಚ್ಚಲಿಗೆ ಓಡಬೇಕಾಯಿತು.

ಬಚ್ಚಲಿನ ದಾರಿಯಲ್ಲೇ ಅಡುಗೆಮನೆ. ಹೋಗುವಾಗ ಒಳಗೆ ಹೊಳೆಯುತ್ತಿತ್ತು ನಮ್ಮತ್ತೆಯ ಡಬ್ಬಿ. ಬರುವಾಗಲೂ ಹೊಳೆಯಿತು. ಯಾರೂ ಇರಲಿಲ್ಲ. ನನಗೆ ಬುದ್ಧಿ ಓಡಿತು. ತಂಬಿಟ್ಟನ್ನು ಒಂದು ತಟ್ಟೆಗೆ ಜೋಡಿಸಿಟ್ಟು ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡರೆ ಅವರಿಗೇನು ನಷ್ಟ? ಸಕ್ಕರೆಯನ್ನು ನಾನೇ ಕೊಂಡು ತುಂಬಿ, ಬೀಗರು ಕೊಟ್ಟರು ಎಂದು ಅತ್ತೆಗೆ ಹೇಳಿದರಾಯಿತು. ತಟ್ಟೆ ಹುಡುಕಿದೆ, ಮುಚ್ಚಳ ತೆಗೆದೆ, ಅರ್ಧ ಸಾಗಿಸಿದೆ. ಹಿಂದೆ ಏನೋ ಸದ್ದಾಯಿತು.

ಕೈಯ ಮಸಿ ತೊಳೆಯಲು ಬಂದ ಫುಮಿ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಬಂಗಾರದ ಟೋಪಿಯ ಕೆಳಗಿನ ಕಣ್ಣುಗಳು ಮೊದಲು ನನ್ನ ಕೈಯಲ್ಲಿದ್ದ ತಂಬಿಟ್ಟನ್ನು ನೋಡಿದವು. ಆಮೇಲೆ ಡಬ್ಬಿಯನ್ನು ನೋಡಿದವು. ಆಮೇಲೆ ನನ್ನ ಕಾಲಿಗೆ ಇಳಿದವು. ನಾನೂ ಕೆಳಗೆ ನೋಡಿಕೊಂಡೆ. ಬಚ್ಚಲಿನ ಚಪ್ಪಲಿ. ಅದರಲ್ಲೇ ಅವರ ಅಡುಗೆಮನೆಯಲ್ಲಿ ನಿಂತು, ಕೊಟ್ಟ ಉಡುಗೊರೆಯನ್ನು ನಾನೇ ಕದಿಯುತ್ತಿದ್ದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಇನ್ನು ಮಗಳ ಮದುವೆಯನ್ನು ನಮ್ಮತ್ತೆ ಮುರಿಯಬೇಕಾಗಿಯೇ ಇಲ್ಲ, ನಾನೇ ಮುರಿದುಬಿಟ್ಟೆ ಎಂದು ಕಣ್ಣಲ್ಲಿ ನೀರು ಬಂತು.

ನನ್ನನ್ನು ಹುಡುಕಿಕೊಂಡು ಬಂದ ರಮ್ಯ ಒಮ್ಮೆಗೇ ಎಲ್ಲವನ್ನೂ ಕಂಡಳು.

"ಡಬ್ಬಿ ನಂದಲ್ಲ, ನಮ್ಮತ್ತೇದು ಅಂತ ಹೇಳೇ" ಎಂದೆ. "ತಗಂಡೋಗ್ದಿದ್ರೆ ನನ್ನ ಮನೆ ಒಳಿಕ್ಕೆ ಸೇರ್ಸಲ್ಲ ಅಂತ ಹೇಳು."

ಅವಳು ಹೇಳಿದಳು. ಬರಿದಾದ ಪಾತ್ರೆಯ ವಿಷಯವನ್ನು ಮಾತ್ರ ಹೇಳಬೇಡ ಎಂದು ನಾನು ಕಣ್ಸನ್ನೆ ಮಾಡಿದೆ. ಕೇಳಿ ಹಾಕಿಸಿಕೊಂಡ ಸಕ್ಕರೆಗೆ ಏನು ಬೆಲೆ? ಅಜ್ಜಿ ಮುಚ್ಚಳ ಎತ್ತಿಕೊಂಡು ಕೊರೆದ ಅಕ್ಷರಗಳ ಮೇಲೆ ಬೆರಳಾಡಿಸಿದರು. ಓದಿ ಹೇಳು ಎಂದರಂತೆ. ರಮ್ಯ ಹೆಸರು, ಊರು ಎರಡನ್ನೂ ಓದಿದಳು. ವಯಸ್ಸೆಷ್ಟು ಎಂದು ಕೇಳಿದರು. ಅತ್ತೆಗೇ ಗೊತ್ತಿಲ್ಲ, ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದ್ದು ಎನ್ನುತ್ತಾರೆ ಎಂದೆ. ಅಜ್ಜಿ ನನ್ನ ಕೈಯಲ್ಲಿದ್ದ ತಂಬಿಟ್ಟನ್ನು ತೆಗೆದುಕೊಂಡು ಬಾಯಿಗಿಟ್ಟು, ನಿಧಾನವಾಗಿ ನುಂಗಿ, ಒಂದು ಮಾತು ಹೇಳಿದರು. ರಮ್ಯ ಅದನ್ನು ಕನ್ನಡ ಮಾಡುವಾಗ ನಗು ತಡೆಯಲಾಗಲಿಲ್ಲ.

"ನಮ್ಮತ್ತೆ ಬದುಕಿದ್ದಿದ್ರೆ ನಾನೂ ಕದೀತಿದ್ದೆ ಅಂತಿದಾರೆ ಅಮ್ಮ."

ಇಷ್ಟಾಗಿಯೂ ಡಬ್ಬಿ ನನ್ನ ಕೈಗೆ ಬರಲಿಲ್ಲ. ಉಳಿದ ತಂಬಿಟ್ಟನ್ನೂ ತಾವೇ ತಟ್ಟೆಗೆ ಬಗ್ಗಿಸಿ, ಬರಿಯ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಜ್ಜಿ ತಮ್ಮ ಕೋಣೆಗೆ ಹೋಗಿಬಿಟ್ಟರು.

ವಿಮಾನ ನಿಲ್ದಾಣ

ಹೊರಡುವ ದಿನ ಕೆಂಜಿ ಒಂದು ಗಂಟು ತಂದುಕೊಟ್ಟ. ನೀಲಿ ಬಟ್ಟೆಯಲ್ಲಿ ಸುತ್ತಿ ಮೇಲೆ ಗಂಟು ಹಾಕಿದ್ದು, ಒಳಗೆ ಗುಂಡಗೆ ಭಾರವಾಗಿತ್ತು. ಹೆಸರು ಯಾರದ್ದೋ ಅವರೇ ಬಿಚ್ಚಬೇಕು ಎಂದು ಅಜ್ಜಿ ಹೇಳಿಕಳಿಸಿದ್ದರು. ನಾನು ಬಿಚ್ಚಿದರೆ ಆ ಗಂಟನ್ನು ಮತ್ತೆ ಹಾಗೆ ಹಾಕಲು ನನಗೆ ಬರುವುದಿಲ್ಲ ಎಂದು ರಮ್ಯ ಎಚ್ಚರಿಸಿದಳು. ಏನಿರಬಹುದು ಎಂದು ಅವಳನ್ನು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ಶುಭಕಾರ್ಯದ ಮರುಉಡುಗೊರೆಯೆಂದರೆ ಸಾಮಾನ್ಯವಾಗಿ ಒಣಮೀನಿನ ಚೂರು ಕೊಡುತ್ತಾರೆ ಎಂದು ಮಾತಿಗೆ ಹೇಳಿ, ಮುದ್ದು ಕೊಟ್ಟು ಹೊರಟುಹೋದಳು.

ಆ ಮಾತು ಕೇಳಿದ ಮೇಲೆ ನನಗೆ ವಿಮಾನದಲ್ಲಿ ಹೇಗೆ ನಿದ್ದೆ ಬರಬೇಕು? ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದ ನಮ್ಮತ್ತೆಯ ಡಬ್ಬಿಯಲ್ಲಿ ಒಣಮೀನು. ಬರಿದಾಗಿ ಬಂದಿದ್ದರೇ ಎಷ್ಟೋ ವಾಸಿಯಿತ್ತು. ದಾರಿಯುದ್ದಕ್ಕೂ ಗಂಟನ್ನು ಮೂಸಿದೆ. ಪಕ್ಕದ ಸೀಟಿನವರು ಜಾಗ ಬದಲಾಯಿಸಿಕೊಂಡರು.

ಬೆಂಗಳೂರಿನಲ್ಲಿ ಬ್ಯಾಗುಗಳನ್ನು ಎಕ್ಸ್‌ರೇ ಮೆಷಿನ್ನಿಗೆ ಹಾಕಿದರು. ಪರದೆ ನೋಡುತ್ತಿದ್ದ ಅಧಿಕಾರಿ ಕನ್ನಡದವರು. ತಡೆಯಲಾಗದೆ ಕೇಳಿಬಿಟ್ಟೆ.

"ಸ್ವಾಮಿ, ಅದ್ರಲ್ಲಿ ಮೀನು ಏನಾದ್ರೂ ಕಾಣ್ತೈತಾ?"

ಅವರು ಪರದೆ ಬಿಟ್ಟು ನನ್ನನ್ನೇ ನೋಡಿದರು. ಮೀನು ತಂದಿದ್ದೀರಾ ಎಂದರು. ತಂದಿದ್ದೇನೋ ಇಲ್ಲವೋ ಎನ್ನುವುದನ್ನು ನೀವೇ ನೋಡಿ ಹೇಳಿ ಎಂದೆ. ಇಷ್ಟು ವರ್ಷದ ಕೆಲಸದಲ್ಲಿ ಅವರಿಗೆ ಅಂಥ ಪ್ರಯಾಣಿಕರು ಸಿಕ್ಕಿರಲಿಕ್ಕಿಲ್ಲ. ಗುಂಡಗಿನ ಡಬ್ಬಿ, ಒಳಗೆ ಸಣ್ಣ ಸಣ್ಣ ಕಾಳಿನಂಥದ್ದು ಏನೋ ಇದೆ, ಮೀನಿನ ಹಾಗೆ ಕಾಣುವುದಿಲ್ಲ ಎಂದು ಹೇಳಿ ನನ್ನನ್ನು ಬೇಗ ಸಾಗಹಾಕಿದರು. ಆದರೆ ಚೂರು ಮಾಡಿದ ಮೀನೂ ಸಣ್ಣಗೇ ಇರುತ್ತದಲ್ಲ ಎಂದು ಊರ ದಾರಿಯಲ್ಲಿ ದಾಬಸ್‌ಪೇಟೆ ದಾಟುವಾಗ ಹೊಳೆಯಿತು.

ಮತ್ತೆ ಮಧುಗಿರಿ

ಅತ್ತೆ ನನ್ನ ಯೋಗಕ್ಷೇಮ ಕೇಳಲಿಲ್ಲ. ಕಾಲು ಚಾಚಿ ಕೂತು ಗಂಟನ್ನು ತೊಡೆಯ ಮೇಲಿಟ್ಟುಕೊಂಡರು. ಯಜಮಾನರು ಅಂಗಡಿ ಬಿಟ್ಟು ಬಂದು ನಿಂತಿದ್ದರು. ಫೋನಿನಲ್ಲಿ ರಮ್ಯ, ಅವಳ ಭುಜದ ಹಿಂದೆ ಕೆಂಜಿ. ಅವನಿಗೂ ಯಾರೋ ಎಲ್ಲವನ್ನೂ ಹೇಳಿರಬೇಕು, ಕತ್ತು ಚಾಚಿ ನೋಡುತ್ತಿದ್ದ. ನಾನು ಮನಸ್ಸಿನಲ್ಲೇ ಸಿದ್ದರಬೆಟ್ಟದ ಸಿದ್ದೇಶ್ವರನಿಗೆ ಹರಕೆ ಹೊತ್ತೆ.

ಅತ್ತೆ ಮುಚ್ಚಳ ತೆಗೆದರು. ಡಬ್ಬಿಯ ಕಂಠದ ತನಕ ಸಕ್ಕರೆಯ ಕಾಳು. ಬಿಳಿ, ಗುಲಾಬಿ, ತಿಳಿಹಸಿರು, ಮೈಯೆಲ್ಲ ಪುಟ್ಟ ಮುಳ್ಳು ಮುಳ್ಳು. ಬಾಯಿಗೆ ಒಂದನ್ನು ಹಾಕಿಕೊಂಡು ಅತ್ತೆ ಕಣ್ಣು ಮುಚ್ಚಿ ಚೀಪಿದರು. ಕೊಟ್ಟ ಪಾತ್ರೆಯನ್ನು ಬರಿದಾಗಿ ಕಳಿಸದ ಪದ್ಧತಿ ಅಲ್ಲಿಯ ಹಳೆಯ ಕಾಲದವರಲ್ಲೂ ಇದೆಯಂತೆ, ನಮಗೇ ಗೊತ್ತಿರಲಿಲ್ಲ ಎಂದು ಫೋನಿನಲ್ಲಿ ಕೆಂಜಿ ರಮ್ಯಳಿಂದ ಹೇಳಿಸುತ್ತಿದ್ದ. ಅತ್ತೆ ಅದನ್ನು ಕೇಳಿಸಿಕೊಳ್ಳಲಿಲ್ಲ. ಸಕ್ಕರೆಯ ಮೇಲೆ ಮಡಿಸಿಟ್ಟಿದ್ದ ಕಾಗದವನ್ನು ಬಿಡಿಸುತ್ತಿದ್ದರು.

ಫುಮಿ ಅಜ್ಜಿಯ ಅಂಗೈ. ಕಪ್ಪು ಮಸಿಯಲ್ಲಿ ಗೆರೆಗೆರೆಯೂ ಮೂಡಿತ್ತು.

ನಮ್ಮತ್ತೆ ಜೀವಮಾನವೆಲ್ಲ ಹೆಬ್ಬೆಟ್ಟು ಒತ್ತಿದವರು. ಆ ಹಸ್ತವನ್ನು ಬಹಳ ಹೊತ್ತು ನೋಡಿ, ಅದರ ಮೇಲೆ ತಮ್ಮ ಕೈಯನ್ನಿಟ್ಟರು. ಬೆರಳಿಗೆ ಬೆರಳು ಕೂತಿತು.

"ಗೇದಿರೋ ಕೈಯಿ" ಎಂದರು.

ನನಗೆ ಅಳು ಬಂತು. ಅಡಗಿಸಲು ಹೋಗಲಿಲ್ಲ. ಯಜಮಾನರು ಕೆಮ್ಮಿ, ಹುಡುಗಿಗೆ ಏನು ಹೇಳೋಣ ಎಂದು ಮೆಲ್ಲಗೆ ಕೇಳಿದರು. ಅತ್ತೆ ನೀಲಿ ಬಟ್ಟೆಯನ್ನು ತೊಡೆಯ ಮೇಲೆ ಹರವಿ ಸುಕ್ಕು ಬಿಡಿಸುತ್ತಿದ್ದರು. ಮೂಲೆಯಲ್ಲಿ ಸಣ್ಣದೊಂದು ತೇಪೆ, ಎಷ್ಟೋ ವರ್ಷ ಬಳಸಿದ ಬಟ್ಟೆ.

"ಇದು ಅವರ ಮನೇದಲ್ವೇನೆ?"

"ಹೂಂ ಕಣತ್ತೆ."

"ಮತ್ತೆ ಬೀಗರ ಬಟ್ಟೆ ಬರಿದೇ ಕಳ್ಸಕಾಯ್ತದಾ?" ಎಂದರು ಅತ್ತೆ. "ಏಳೇ, ಅಕ್ಕಿ ಹುರಿಯೋಗು."